ಒಂದು ನಿಲುಗಡೆಯ ಬೆಲೆ

ಚರ್ಚ್‌ಗೇಟಿನಿಂದ ಬೊರಿವಲಿಗೆ ಹೋಗುವ ನಮ್ಮ ಬಂಧುಗಳು ನಿಧಾನದ ಲೋಕಲ್ ಹತ್ತಿದರೂ ವೇಗದ ಲೋಕಲ್ ಹತ್ತಿದರೂ ಸಾಮಾನ್ಯ ಡಬ್ಬಿಯ ಟಿಕೇಟಿನ ದರ ಒಂದೇ. ನಡುವಣ ನಿಲ್ದಾಣಗಳನ್ನು ಬಿಟ್ಟು ಓಡಿದ್ದಕ್ಕಾಗಿ ರೈಲ್ವೆಯವರು ಒಂದು ಕಾಸನ್ನೂ ಹೆಚ್ಚಿಗೆ ಕೇಳುವುದಿಲ್ಲ. ಈ ನ್ಯಾಯಕ್ಕೆ ಒಗ್ಗಿದ ನಮಗೆ ಆಕಾಶಮಾರ್ಗದ ನ್ಯಾಯವು ವಿಚಿತ್ರವಾಗಿ ತೋರುವುದು ಸಹಜ. ಅಲ್ಲಿ ಎಲ್ಲಿಯೂ ಇಳಿಯದೆ ಸಮುದ್ರಗಳನ್ನು ದಾಟುವ ವಿಮಾನಕ್ಕೆ ಒಂದು ದರ. ನಡುವೆ ಒಂದೆಡೆ ಇಳಿಸಿ ಬೇರೊಂದು ವಿಮಾನವನ್ನು ಹತ್ತಿಸುವ ಪ್ರಯಾಣಕ್ಕೆ ಇನ್ನೊಂದು ದರ. ಸಾಮಾನ್ಯವಾಗಿ ಎರಡನೆಯದೇ ಅಗ್ಗ. ಇವೆರಡರಲ್ಲಿ ಯಾವುದು ಲೇಸು ಎಂಬ ಪ್ರಶ್ನೆಯನ್ನು ಇಂದು ವಿಚಾರಿಸಬಯಸುತ್ತೇವೆ.

ಇದು ಸಿರಿವಂತರ ಚಿಂತೆ, ಹೊಟೆಲಿನವರಿಗೂ ಗುಮಾಸ್ತರಿಗೂ ಇದರ ಗೊಡವೆಯೇಕೆ ಎಂದು ಯಾರಾದರೂ ಕೇಳಿಯಾರು. ಆ ಕಾಲ ಕಳೆದುಹೋಯಿತು. ಹಗಲೆಲ್ಲ ಹೊಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಮಕ್ಕಳು ಮೊಮ್ಮಕ್ಕಳು ಇಂದು ನ್ಯೂಜೆರ್ಸಿಯಲ್ಲಿಯೂ ಟೆಕ್ಸಾಸಿನಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು, ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆಂದು ಮಾಟುಂಗ, ಡೊಂಬಿವಲಿ, ಠಾಣೆಗಳಿಂದ ಹೊರಡುವ ತಾಯಂದಿರು ಈಗ ಅಪರೂಪವಲ್ಲ. ಅವರಲ್ಲಿ ಅನೇಕರಿಗೆ ಅದೇ ಮೊದಲ ವಿಮಾನಪ್ರಯಾಣ. ಆದುದರಿಂದ ಈ ವಿಚಾರವು ನಮ್ಮ ಮನೆಯ ವಿಚಾರವೇ ಆಗಿದೆ.

ನಿಲುಗಡೆಯೆಂಬುದು ಒಂದಾನೊಂದು ಕಾಲದಲ್ಲಿ ಆಯ್ಕೆಯ ಮಾತಾಗಿರಲಿಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಕೈರೋದಲ್ಲಿಯೂ ಜಿನೀವಾದಲ್ಲಿಯೂ ಇಳಿದೇ ಹೋಯಿತು. 1960ರ ಮೇ ತಿಂಗಳಲ್ಲಿ ಅದೇ ಸಂಸ್ಥೆಯ ಬೋಯಿಂಗ್ 707 ವಿಮಾನಗಳು ನ್ಯೂಯಾರ್ಕಿಗೆ ಹಾರತೊಡಗಿದಾಗಲೂ ದಾರಿಯಲ್ಲಿ ಲಂಡನ್ನಿತ್ತು. ಮುಂಬಯಿಯಿಂದ ನ್ಯೂಯಾರ್ಕಿಗೆ ಎಲ್ಲಿಯೂ ಇಳಿಯದೆ ಹಾರುವ ಏರ್ ಇಂಡಿಯಾ ಸೇವೆ ಆರಂಭವಾದದ್ದು 2007ರ ಆಗಸ್ಟಿನಲ್ಲಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಮಾನವೊಂದು ಮಹಿಳೆಯರೇ ನಡೆಸಿದ್ದಾಗಿ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದ ಸುದ್ದಿಯನ್ನು ವಾಚಕರು ಮರೆತಿರಲಾರರು. ಹಿಂದೆ ಅಸಾಧ್ಯವಾಗಿದ್ದುದು ಸಾಧ್ಯವಾಯಿತೆಂದ ಮೇಲೆ ಅದಕ್ಕೆ ಬೆಲೆ ಕಟ್ಟುವ ಕೆಲಸ ನಮ್ಮ ಪಾಲಿಗೆ ಬಂದಿತು.

ಈ ಬೆಲೆ ಹೇಗೆ ಹುಟ್ಟುತ್ತದೆ? ದೂರದ ದೆಸೆಯಿಂದಲ್ಲ. ಮುಂಬಯಿಯಿಂದ ನ್ಯೂಯಾರ್ಕಿಗೆ ನೇರವಾಗಿ ಸುಮಾರು 12,500 ಕಿಲೋಮೀಟರು; ದುಬೈಯಲ್ಲಿ ಇಳಿದು ಹೋದರೆ ಅದಕ್ಕೆ ಕೂಡುವುದು ಸುಮಾರು 400 ಕಿಲೋಮೀಟರು ಮಾತ್ರ. ಇಂಧನದ ಭಾರವು ಒಂದು ಕಾರಣ. ಬೋಯಿಂಗ್ 777ರ ದೊಡ್ಡ ಜಾತಿಯ ವಿಮಾನವು ತುಂಬು ಭಾರದಲ್ಲಿ ಏಳುವಾಗ ಸುಮಾರು 350 ಟನ್ ತೂಗುತ್ತದೆ. ಅದರ ತೊಟ್ಟಿಗಳಲ್ಲಿ ಹಿಡಿಯುವ ಇಂಧನವೇ ಸುಮಾರು 145 ಟನ್. ದೂರ ಹೆಚ್ಚಿದಷ್ಟೂ ಇಂಧನವನ್ನು ಹೊರುವುದಕ್ಕಾಗಿಯೇ ಇಂಧನವನ್ನು ಸುಡಬೇಕು. ಸಿಂಗಪುರದ ವಿಮಾನಸಂಸ್ಥೆಯು 2004ರಲ್ಲಿ ನ್ಯೂಯಾರ್ಕಿನ ಸಮೀಪದ ನೆವಾರ್ಕಿಗೆ ಆರಂಭಿಸಿದ ನೇರ ಸೇವೆಯನ್ನು 2013ರಲ್ಲಿ ಕೈಬಿಟ್ಟು, ಇಂಧನವನ್ನು ಮಿತವಾಗಿ ಬಳಸುವ ಹೊಸ ವಿಮಾನಗಳು ಬಂದ ಮೇಲೆ 2018ರಲ್ಲಿ ಮತ್ತೆ ಕೈಗೊಂಡಿತು. ಆ ಹೊಸ ವಿಮಾನದಲ್ಲಿರುವುದು 161 ಆಸನಗಳು. ನಮ್ಮಂತಹವರ ಸಾಮಾನ್ಯ ದರ್ಜೆ ಅದರಲ್ಲಿ ಇಲ್ಲವೇ ಇಲ್ಲ.

ಎರಡನೆಯ ಕಾರಣವು ವ್ಯಾಪಾರಕ್ಕೆ ಸಂಬಂಧಿಸಿದ್ದು. ದುಬೈ, ದೋಹಾ, ಅಬುಧಾಬಿಗಳನ್ನು ಆಕಾಶದ ದಾದರ್ ಎಂದು ಕರೆಯಬಹುದು. ಹತ್ತಾರು ಊರುಗಳ ಜನರನ್ನು ಅಲ್ಲಿ ಕೂಡಿಹಾಕಿ, ಹತ್ತಾರು ಊರುಗಳಿಗೆ ಹಂಚಿ ಕಳುಹಿಸುತ್ತಾರೆ. ಆಸನ ಬರಿದಾಗಿ ಹೋಗುವುದಕ್ಕಿಂತ ದರವನ್ನು ಇಳಿಸಿ ತುಂಬಿಸುವುದು ಅವರಿಗೆ ಲಾಭಕರ. ನೇರ ವಿಮಾನದಲ್ಲಾದರೋ, ಸಮಯಕ್ಕೆ ಬೆಲೆಯುಳ್ಳ ವ್ಯಾಪಾರಿಗಳೂ ಅಧಿಕಾರಿಗಳೂ ಕೇಳಿದಷ್ಟು ಕೊಡಲು ಸಿದ್ಧರಿರುತ್ತಾರೆ. ಹೀಗಿರಲು, ಆ ದರದಲ್ಲಿ ನಾವು ತೆರುವುದು ಪ್ರಯಾಣದ ಖರ್ಚನ್ನು ಮಾತ್ರವಲ್ಲ, ಪರರ ಅವಸರದ ಬೆಲೆಯನ್ನೂ ಸಹ.

ಗುಮಾಸ್ತರಿಗೆ ಒಪ್ಪುವಂತೆ ಒಂದು ಲೆಕ್ಕ ಹಾಕೋಣ. ಮುಂಬಯಿಯಿಂದ ನ್ಯೂಯಾರ್ಕಿಗೆ ನೇರ ವಿಮಾನದಲ್ಲಿ ಹದಿನೈದು ಹದಿನಾರು ಗಂಟೆ. ಒಂದೆಡೆ ಇಳಿದು ಹೋದರೆ ಕಾಯುವ ಹೊತ್ತೂ ಸೇರಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ಗಂಟೆ. ಉಳಿತಾಯವು ಏಳು ಗಂಟೆಯೆಂದೂ ದರದ ವ್ಯತ್ಯಾಸವು ಇಪ್ಪತ್ತೆರಡು ಸಾವಿರ ರೂಪಾಯಿಯೆಂದೂ ಇಟ್ಟುಕೊಂಡರೆ ಗಂಟೆಯೊಂದಕ್ಕೆ ಮೂರು ಸಾವಿರಕ್ಕೂ ಮಿಕ್ಕಿತು. ನಮ್ಮಲ್ಲಿ ಯಾರ ಗಂಟೆಗೆ ಮೂರು ಸಾವಿರ ರೂಪಾಯಿ ಬರುತ್ತದೆ? ಆದುದರಿಂದ ಓದಲೆಂದೋ ಉದ್ಯೋಗಕ್ಕೆಂದೋ ಹೊರಟ ತರುಣನಿಗೆ ನಿಲುಗಡೆಯ ವಿಮಾನವೇ ಸರಿ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಉಳಿದ ಹಣ ಅವನ ಮೊದಲ ತಿಂಗಳ ಖರ್ಚಿಗೆ ಒದಗೀತು.

ಆದರೆ ಈ ಲೆಕ್ಕದಲ್ಲಿ ಸೇರದ ಒಂದು ಸಂಗತಿಯುಂಟು. ನಮಗೆ ಪರಿಚಿತರಾದ ಒಬ್ಬ ಹಿರಿಯರು ಹೊಟೆಲೊಂದರ ಗಲ್ಲೆಯಲ್ಲಿ ಮೂವತ್ತು ವರ್ಷ ಕುಳಿತವರು. ಅವರ ಪತ್ನಿ ಮಗಳ ಬಾಣಂತನಕ್ಕೆಂದು ಒಬ್ಬರೇ ಅಮೇರಿಕೆಗೆ ಹೊರಟರು. ಮಗಳು ನೇರ ವಿಮಾನದ ಟಿಕೇಟು ಕೊಳ್ಳಲು ಸಿದ್ಧಳಿದ್ದಳು. ‘ನಮಗೇಕೆ ಅಷ್ಟು ದುಬಾರಿ’ ಎಂದು ತಾಯಿಯೇ ಬೇಡವೆಂದರು. ಪರದೇಶದ ವಿಮಾನನಿಲ್ದಾಣದಲ್ಲಿ ಅವರು ಒಂಬತ್ತು ಗಂಟೆ ಕಾಯಬೇಕಾಯಿತು. ಕೈಯಲ್ಲಿದ್ದ ಚೀಟಿಯಲ್ಲಿ ದ್ವಾರದ ಸಂಖ್ಯೆ ಇರಲಿಲ್ಲ. ಗೋಡೆಯ ಫಲಕದಲ್ಲಿ ನೋಡಿಕೊಳ್ಳಬೇಕೆಂದು ಯಾರೋ ಸನ್ನೆ ಮಾಡಿ ತೋರಿಸಿದರು. ಇಂಗ್ಲಿಷು ಬಾರದ ಆ ತಾಯಿ, ತಾನು ಎದ್ದು ಹೋದ ಗಳಿಗೆಯಲ್ಲಿಯೇ ಫಲಕ ಬದಲಾದೀತೆಂದು ಹೆದರಿ, ನೀರು ಕುಡಿಯದೆ, ಶೌಚಾಲಯಕ್ಕೂ ಹೋಗದೆ, ಆ ಫಲಕದ ಎದುರಿನಲ್ಲಿಯೇ ಕುಳಿತರು. ಚೀಲದಲ್ಲಿದ್ದ ಒಗ್ಗರಣೆ ಅವಲಕ್ಕಿಯನ್ನೂ ಮುಟ್ಟಲಿಲ್ಲ. ಈ ಮಾತನ್ನು ಅವರು ಮಗಳಿಗೆ ಹೇಳಲೇ ಇಲ್ಲ. ಆರು ತಿಂಗಳ ಮೇಲೆ ಊರಿಗೆ ಮರಳಿ ಗಂಡನಿಗೆ ಹೇಳಿದರು. ‘ಮೂವತ್ತು ವರ್ಷ ಲೆಕ್ಕ ಬರೆದೆ, ಇದೊಂದು ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಯಿತು’ ಎಂದು ಆ ಹಿರಿಯರು ನಮ್ಮೊಡನೆ ನುಡಿದರು.

ಬಿಟ್ಟುಹೋದ ಆ ಬಾಬು ಯಾವುದು? ಟಿಕೇಟು ಕೊಳ್ಳುವವರೊಬ್ಬರು, ನಿಲುಗಡೆಯನ್ನು ಅನುಭವಿಸುವವರು ಇನ್ನೊಬ್ಬರು. ದಾದರಿನಲ್ಲಿ ಗಾಡಿ ಬದಲಿಸುವುದು ನಮಗೆ ಎರಡು ನಿಮಿಷದ ಕೆಲಸ. ಊರಿನಿಂದ ಆಗ ತಾನೇ ಬಂದ ತಾಯಿಯನ್ನು ಅಲ್ಲಿ ಒಬ್ಬಳನ್ನೇ ಬಿಡಲು ನಮ್ಮಲ್ಲಿ ಯಾರಿಗಾದರೂ ಮನಸ್ಸು ಬಂದೀತೆ? ನಿಲುಗಡೆಯ ಬೆಲೆಯನ್ನು ಗಂಟೆಗಳಿಂದ ಅಳೆಯುವುದು ಅದನ್ನು ತಿಳಿದು ದಾಟಬಲ್ಲವರಿಗೆ ಮಾತ್ರ ಸಲ್ಲುತ್ತದೆ. ಉಳಿದವರ ವಿಷಯದಲ್ಲಿ, ಅವರು ಒಬ್ಬರೇ ಹಾದುಹೋಗಬೇಕಾದ ದ್ವಾರಗಳೆಷ್ಟು ಎಂಬುದನ್ನು ಎಣಿಸಬೇಕು.

ಹಾಗೆಂದು ಹಿರಿಯರಿಗೆಲ್ಲ ನೇರ ವಿಮಾನವೇ ಲೇಸೆಂದು ಸಾರುವುದೂ ಸರಿಯಲ್ಲ. ಹದಿನಾರು ಗಂಟೆ ಒಂದೇ ಆಸನದಲ್ಲಿ ಕುಳಿತಿರುವುದು ದೇಹಕ್ಕೆ ಸಣ್ಣ ಶಿಕ್ಷೆಯಲ್ಲ. ನಾಲ್ಕು ಗಂಟೆ ಅಥವಾ ಅದಕ್ಕೂ ಮಿಕ್ಕಿದ ಪ್ರಯಾಣದಲ್ಲಿ ಕದಲದೆ ಕುಳಿತವರಿಗೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವು ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಆದರೂ ಅದು ಸುಮಾರು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಒದಗುವ ಆಪತ್ತು ಎಂಬುದನ್ನೂ ಹೇಳಬೇಕು. ಮೊಣಕಾಲು ನೋವುಳ್ಳವರು, ದಂಪತಿಗಳಾಗಿ ಜತೆಗೂಡಿ ಹೋಗುವವರು, ಒಮ್ಮೆ ಹೋಗಿಬಂದು ದಾರಿ ಬಲ್ಲವರು ನಡುವೆ ಮೂರು ನಾಲ್ಕು ಗಂಟೆ ಇಳಿದು ಅಡ್ಡಾಡುವುದರಲ್ಲಿ ಸುಖವನ್ನೇ ಕಂಡಾರು. ಹಳೆಯ ಕಾಯಿಲೆಯುಳ್ಳವರು ವೈದ್ಯರ ಮಾತನ್ನು ಮೊದಲು ಕೇಳತಕ್ಕದ್ದು.

ನೇರ ವಿಮಾನವು ಕಷ್ಟವೇ ಇಲ್ಲದ ಹಾದಿಯೆಂಬ ಭ್ರಮೆಯೂ ಬೇಡ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದ ಮೇಲೆ, ಅಮೇರಿಕೆಗೂ ನಮ್ಮ ದೇಶಕ್ಕೂ ನಡುವೆ ನೇರವಾಗಿ ಹಾರುತ್ತಿದ್ದ ಏರ್ ಇಂಡಿಯಾದ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿಯಬೇಕಾಯಿತು. ಅತ್ತ ನಿಲುಗಡೆಯ ಊರುಗಳಿಗೂ ಗಂಡಾಂತರ ತಪ್ಪಿದ್ದಲ್ಲ. 2024ರ ಏಪ್ರಿಲ್ 16ರ ಮಹಾಮಳೆಗೆ ದುಬೈ ವಿಮಾನನಿಲ್ದಾಣವು ನೀರಿನಲ್ಲಿ ನಿಂತು, ಪ್ರಯಾಣಿಕರು ದಿನಗಟ್ಟಲೆ ಬವಣೆಪಟ್ಟರು. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾದಲ್ಲಿ ಸಾವಿರಾರು ಜನ ಸಿಲುಕಿದರು. ಅಂತಹ ಹೊತ್ತಿನಲ್ಲಿ ನೇರ ವಿಮಾನದವನು ತನ್ನ ಆಸನದಲ್ಲಿಯೇ ಇರುತ್ತಾನೆ. ಬದಲಿಸುವವನು ಪರದೇಶದ ನೆಲದ ಮೇಲೆ ಮಲಗುತ್ತಾನೆ. ವ್ಯತ್ಯಾಸವಿಷ್ಟೆ. ಅಲ್ಲದೆ ನೇರ ಸೇವೆಗಳು ಆರಂಭವಾಗುತ್ತವೆ, ನಿಲ್ಲುತ್ತವೆ, ಮತ್ತೆ ಆರಂಭವಾಗುತ್ತವೆ. ಹಿಂದಿನ ವರ್ಷ ನೆರೆಮನೆಯವರು ಹೋದ ವಿಮಾನವು ಈ ವರ್ಷವೂ ಇದೆಯೆಂದು ನಂಬದೆ ಹೊಸದಾಗಿ ವಿಚಾರಿಸುವುದು ಒಳಿತು.

ಅಗ್ಗದ ದಾರಿಯನ್ನೇ ಹಿಡಿಯಬೇಕಾದವರಿಗೆ ಕೆಲವು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯ. ಎರಡೂ ವಿಮಾನಗಳು ಒಂದೇ ಟಿಕೇಟಿನಲ್ಲಿರಲಿ. ಮೊದಲನೆಯ ವಿಮಾನವು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಆಗ ಸಂಸ್ಥೆಯದು. ಬೇರೆ ಬೇರೆ ಟಿಕೇಟು ಕೊಂಡವನ ಹೊಣೆ ಅವನದೇ. ನಡುವಣ ಸಮಯವು ಮೂರು ಗಂಟೆಗೆ ಕಡಮೆಯಾಗದಿರಲಿ, ಐದು ಗಂಟೆಗೆ ಮೀರದಿರಲಿ. ನಿಲುಗಡೆಯು ಎಲ್ಲಿ ಎಂಬುದನ್ನೂ ನೋಡಬೇಕು. ಅಮೇರಿಕೆಯಲ್ಲಿ ಮೊದಲು ಕಾಲಿಡುವ ಊರಿನಲ್ಲಿಯೇ ಸಾಮಾನ್ಯವಾಗಿ ಪಾಸ್‌ಪೋರ್ಟಿನ ತಪಾಸಣೆಯಾಗಿ, ಪೆಟ್ಟಿಗೆಗಳನ್ನು ತಾವೇ ತೆಗೆದುಕೊಂಡು, ಸುಂಕದವರನ್ನು ದಾಟಿ, ಮತ್ತೆ ಒಪ್ಪಿಸಬೇಕು. ಆದುದರಿಂದ ಡಲ್ಲಾಸಿಗೆ ಹೋಗುವ ತಾಯಿಗೆ ನ್ಯೂಯಾರ್ಕಿನ ನಿಲುಗಡೆಗಿಂತ ಕೊಲ್ಲಿಯ ನಿಲುಗಡೆಯೇ ಸುಲಭ; ಅಲ್ಲಿ ಪೆಟ್ಟಿಗೆಗಳು ತಾವಾಗಿಯೇ ಮುಂದೆ ಸಾಗುತ್ತವೆ. ಕೆಲವು ದೇಶಗಳು ಬರಿದೇ ವಿಮಾನ ಬದಲಿಸುವವರಿಂದಲೂ ವೀಸಾ ಕೇಳುತ್ತವೆಯಾದ್ದರಿಂದ ಹಣ ಕಟ್ಟುವ ಮೊದಲೇ ಅದನ್ನು ತಿಳಿಯತಕ್ಕದ್ದು. ಉಪ್ಪಿನಕಾಯಿಯ ಜಾಡಿಯನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಅದನ್ನು ಅಲ್ಲಿಯೇ ಬಿಟ್ಟುಹೋಗಬೇಕಾದೀತು. ಅದರ ಸ್ಥಳ ದೊಡ್ಡ ಪೆಟ್ಟಿಗೆಯೊಳಗೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ನಡೆಯಲಾರದವರಿಗೆ ಗಾಲಿಕುರ್ಚಿಯ ಸಹಾಯವನ್ನು ವಿಮಾನಸಂಸ್ಥೆಗಳು ಶುಲ್ಕವಿಲ್ಲದೆ ಒದಗಿಸುತ್ತವೆ. ಎರಡು ದಿನ ಮುಂಚಿತವಾಗಿ ತಿಳಿಸಿದರಾಯಿತು. ನಡೆಯಬಲ್ಲವರು ಅದನ್ನು ಕೇಳುವುದು ನ್ಯಾಯವಲ್ಲ. ಅಶಕ್ತರ ಪಾಲನ್ನು ಕಸಿದಂತಾಗುತ್ತದೆ. ಭಾಷೆಯೊಂದೇ ತೊಡಕಾಗಿರುವವರಿಗೆ ಜತೆಗಾರರನ್ನು ಒದಗಿಸುವ ವ್ಯವಸ್ಥೆಯೂ ಕೆಲವೆಡೆಯುಂಟು. ಟಿಕೇಟು ಕೊಳ್ಳುವಾಗಲೇ ವಿಚಾರಿಸಬೇಕು. ನಾವು ಮೇಲೆ ಹೇಳಿದ ತಾಯಿಗೆ ಇದನ್ನು ತಿಳಿಸಿದವರೇ ಇರಲಿಲ್ಲ. ನಮ್ಮ ಕನ್ನಡ ಸಂಘಗಳು ಒಂದೇ ಊರಿಗೆ ಒಂದೇ ವಾರದಲ್ಲಿ ಹೊರಡುವವರನ್ನು ಪರಸ್ಪರ ಪರಿಚಯಿಸಿ ಜತೆಮಾಡಿ ಕಳುಹಿಸಿದರೆ ಅದೂ ಒಂದು ದೊಡ್ಡ ಸೇವೆಯಾದೀತು. ಅದಕ್ಕೆ ಬೇಕಾದುದು ಒಂದು ಪಟ್ಟಿ, ಒಂದು ದೂರವಾಣಿ, ಸಂಜೆಯ ಹೊತ್ತು ಅರ್ಧ ಗಂಟೆ ಕೊಡಬಲ್ಲ ಒಬ್ಬ ಕಾರ್ಯಕರ್ತ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು: ತಾನೇ ಹೋಗುವವನು ಅಗ್ಗದ ದಾರಿಯನ್ನು ಧಾರಾಳವಾಗಿ ಹಿಡಿಯಲಿ, ಭಾಷೆಯರಿಯದ ತಾಯಿಯೋ ತಂದೆಯೋ ಒಬ್ಬರೇ ಹೋಗುವುದಾದರೆ ಮಕ್ಕಳು ನೇರ ವಿಮಾನಕ್ಕೆ ಹಣ ಕೂಡಿಡಲಿ, ಇಲ್ಲವೆ ಜತೆಯನ್ನು ಹುಡುಕಲಿ. ಜತೆ ಸಿಗುವ ತನಕ ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ. ‘ನಮಗೇಕೆ ಅಷ್ಟು ದುಬಾರಿ’ ಎಂದು ಹಿರಿಯರು ಹೇಳಿಯೇ ಹೇಳುತ್ತಾರೆ. ಜೀವಮಾನವೆಲ್ಲ ಹಾಗೆ ಹೇಳಿ ಹೇಳಿಯೇ ಅವರು ಮಕ್ಕಳ ಶಾಲೆಯ ಫೀಯನ್ನು ಕಟ್ಟಿದರು. ಈ ಒಂದು ಸಲ ಅವರ ಆ ಮಾತನ್ನು ಮಕ್ಕಳು ಕೇಳದಿದ್ದರೆ ಅದು ಅವಿಧೇಯತೆಯಾಗಲಾರದೆಂದು ನಾವು ತಿಳಿಯುತ್ತೇವೆ.