ಒಳಮೈಯ ಹೊಲಿಗೆ

"ನಾನು ಹೊಲಿದದ್ದನ್ನು ನೋಡಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಆದರೆ ಹಬ್ಬ, ಮದುವೆ ಬಂದರೆ ಬಟ್ಟೆ ಹಿಡಿದುಕೊಂಡು ಪೇಟೆಯ ಟೈಲರ್ ಬಳಿಗೇ ಹೋಗುತ್ತಾರೆ. ಯಾಕೆ ಟೀಚರ್?" ಗಂಡನ ದುಡಿಮೆ ನಿಂತ ಮೇಲೆ ಹೊಲಿಗೆಯಿಂದಲೇ ಮನೆ ನಡೆಸಲು ಹೊರಟಿರುವ ಸಹೋದರಿಯೊಬ್ಬರು ಕೇಳಿದರು. ಆಗ ನನಗೆ ನೆನಪಾದದ್ದು ಸ್ಕಾಟ್ಲೆಂಡಿನ ಕಿಲ್ಟ್.

ಕಿಲ್ಟ್ ಎಂದರೆ ಅಲ್ಲಿನ ಗಂಡಸರು ಸಮಾರಂಭಗಳಲ್ಲಿ ಧರಿಸುವ, ಸೊಂಟದಿಂದ ಮೊಣಕಾಲಿನವರೆಗಿನ ನೆರಿಗೆಯ ಉಡುಪು. ಅಲ್ಲಿನ ಗುಡ್ಡಗಾಡಿನ ಜನ ಅದನ್ನು ಧರಿಸದಂತೆ ಬ್ರಿಟಿಷ್ ಸರಕಾರ 1746ರಲ್ಲಿ ಕಾನೂನು ತಂದಿತ್ತು. 1782ರಲ್ಲಿ ಅದು ರದ್ದಾಯಿತು. ಇಂದು ಕಿಲ್ಟ್ ಆ ನಾಡಿನ ಗುರುತು. ಒಂದು ಕಿಲ್ಟ್‌ಗೆ ಟಾರ್ಟನ್ ಎಂಬ ಚೌಕುಳಿಯ ಉಣ್ಣೆಬಟ್ಟೆ ಸಾಮಾನ್ಯವಾಗಿ 8 ಗಜ ಬೇಕು. ಮುಂಭಾಗ ಸಪಾಟು, ಹಿಂಭಾಗ ಪೂರ್ತಿ ನೆರಿಗೆ. ಕೈಯಲ್ಲೇ ಹೊಲಿದರೆ ನುರಿತವರಿಗೂ ಸುಮಾರು 20 ಗಂಟೆ ಹಿಡಿಯುತ್ತದೆ. ಅಂಗಡಿಗಳಿಗಾಗಿ ಮನೆಯಲ್ಲೇ ಕುಳಿತು ಹೊಲಿದುಕೊಡುವ ಮಹಿಳೆಯರೂ ಅಲ್ಲಿದ್ದಾರೆ, ಹವ್ಯಾಸಕ್ಕಾಗಿ ಹೊಲಿಯುವವರೂ ಇದ್ದಾರೆ. ಇಬ್ಬರ ಕೆಲಸವನ್ನು ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯದು.

ಮೊದಲ ವ್ಯತ್ಯಾಸ ಅಳತೆಯಲ್ಲಿದೆ. ಹಿಂಭಾಗದಲ್ಲಿ 24 ನೆರಿಗೆಗಳಿವೆ, ಸೀಟಿನಿಂದ ಸೊಂಟಕ್ಕೆ ಬರುವಾಗ 3 ಇಂಚು ಕಡಿಮೆಯಾಗಬೇಕು ಎಂದಿಟ್ಟುಕೊಳ್ಳಿ. ಪ್ರತಿ ನೆರಿಗೆಯೂ ಮೇಲೆ ಹೋದಂತೆ ಇಂಚಿನ ಎಂಟನೇ ಒಂದು ಭಾಗದಷ್ಟು ಕಿರಿದಾಗಬೇಕು. ಪ್ರತಿಯೊಂದರಲ್ಲೂ ಹದಿನಾರನೇ ಒಂದು ಭಾಗ ತಪ್ಪಿದರೆ ಕೊನೆಗೆ ಒಂದೂವರೆ ಇಂಚು ತಪ್ಪುತ್ತದೆ. ಇಷ್ಟರ ನಡುವೆ ಚೌಕುಳಿಯ ವಿನ್ಯಾಸವೂ ಮುರಿಯಬಾರದು. ನೇಯ್ಗೆಯ ಅಂಚೇ ಕೆಳಗೆ ಬರುವುದರಿಂದ, ಮಡಚಿ ಹೊಲಿದು ಉದ್ದ ಸರಿಪಡಿಸುವಂತೆಯೂ ಇಲ್ಲ. ಪ್ರವಾದಿ ದಾವೂದ್(ಅ)ರಿಗೆ ಕವಚ ತಯಾರಿಸುವ ವಿದ್ಯೆ ನೀಡಿದ ಅಲ್ಲಾಹನು, ಕೊಂಡಿಗಳ ಅಳತೆ ಸರಿಯಾಗಿರಬೇಕೆಂದು ಆದೇಶಿಸಿದ ವಿಷಯ ಕುರ್‌ಆನಿನ ಸಬಾ ಅಧ್ಯಾಯದಲ್ಲಿದೆ. ಅಳತೆ ಸಣ್ಣ ವಿಷಯವಲ್ಲ.

ಎರಡನೆಯ ವ್ಯತ್ಯಾಸ ಒಳಮೈಯಲ್ಲಿದೆ. ಸೊಂಟದ ಬಳಿ ದಪ್ಪವಾಗದಿರಲು ನೆರಿಗೆಗಳ ಒಳಗಿನ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. ಹಾಗೆ ಕತ್ತರಿಸಿದಲ್ಲಿ ನೆರಿಗೆಗೆ ಆಧಾರ ತಪ್ಪುತ್ತದೆ. ಆದ್ದರಿಂದ ವೃತ್ತಿಯವರು ಒಳಗಿನಿಂದ ಬಿಗಿಯಾದ ಕೈಹೊಲಿಗೆ ಹಾಕಿ, ಕ್ಯಾನ್ವಾಸ್ ಕೂಡಿಸಿ, ಮೇಲೆ ಲೈನಿಂಗ್ ಹೊದಿಸುತ್ತಾರೆ. ಹೊಸಬರು ಈ ಹಂತವನ್ನು ಬಿಟ್ಟರೆ ಮೊದಲ ದಿನ ಯಾರಿಗೂ ಗೊತ್ತಾಗದು. ತೊಡುತ್ತಾ ಹೋದಂತೆ ನೆರಿಗೆ ಜೋತು ಬೀಳುತ್ತದೆ.

ಮೂರನೆಯದು ಹೊಣೆಗಾರಿಕೆ. ಹವ್ಯಾಸಿ ತನಗಾಗಿ ಹೊಲಿಯುತ್ತಾಳೆ. ಗಡುವಿಲ್ಲ, ತಪ್ಪಿದರೆ ಬಿಚ್ಚಬಹುದು. ಕೆಲವೊಮ್ಮೆ ಅವಳ ಕೆಲಸ ವೃತ್ತಿಯವರದಕ್ಕಿಂತಲೂ ಚೆಂದವಿರಬಹುದು. ಆದರೆ ವೃತ್ತಿಯವಳು ಅಪರಿಚಿತರ ಮೈಗೆ, ಹೇಳಿದ ದಿನಕ್ಕೆ, ಹೇಳಿದ ಹಣಕ್ಕೆ ಹೊಲಿಯಬೇಕು. ಐವತ್ತನೆಯ ಕಿಲ್ಟ್ ಕೂಡಾ ಮೊದಲನೆಯದರಂತೆಯೇ ಇರಬೇಕು. ಗಿರಾಕಿ ಕೊಟ್ಟ ಬಟ್ಟೆ ಅವಳ ಕೈಯಲ್ಲಿರುವ ಅಮಾನತ್.

ಈ ಎರಡರ ನಡುವೆ ಗೋಡೆಯೇನಿಲ್ಲ. ಅಮೆರಿಕದ ಭೂವಿಜ್ಞಾನ ಪ್ರಾಧ್ಯಾಪಕಿ ಬಾರ್ಬರಾ ಟ್ಯೂಕ್ಸ್‌ಬರಿ, ಕಸುಬಿನಲ್ಲೇ ಪಳಗಿದ ಎಲ್ಸಿ ಸ್ಟ್ಯೂಮೆಯರ್ ಅವರೊಂದಿಗೆ ಸೇರಿ 2001ರಲ್ಲಿ ಕಿಲ್ಟ್ ಹೊಲಿಗೆಯ ಕೈಪಿಡಿಯನ್ನೇ ಹೊರತಂದರು. ಬಲ್ಲವರಲ್ಲಿ ಕೇಳಿ ಕಲಿಯಲು ನಾಚಿಕೆ ಬೇಡ.

ಇಷ್ಟನ್ನು ಹೇಳಿ, ಆ ಸಹೋದರಿ ಹೊಲಿದಿದ್ದ ಒಂದು ಚೂಡಿದಾರವನ್ನು ಒಳಮೈ ಹೊರಗೆ ಮಾಡಿ ಇಬ್ಬರೂ ನೋಡಿದೆವು. ಹೊರಗೆ ಅಂದವಾಗಿದ್ದ ಬಟ್ಟೆಯ ಒಳಗೆ ನೂಲುಗಳು ನೇತಾಡುತ್ತಿದ್ದವು. ಕಂಕುಳ ಬಳಿ ಬಿಗಿಯಾದರೆ ಬಿಚ್ಚಿ ದೊಡ್ಡದು ಮಾಡಲು ಬಟ್ಟೆಯೇ ಉಳಿದಿರಲಿಲ್ಲ. ಸಂತೆಯಲ್ಲಿ ಪ್ರವಾದಿ ಮುಹಮ್ಮದ್(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವ ಸಿಕ್ಕಿದ ಘಟನೆ ನಮಗೆಲ್ಲ ಗೊತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದ್ದರು. ಈಕೆ ಮೋಸ ಮಾಡಿದವರಲ್ಲ, ಒಳಗೆ ಯಾರು ನೋಡುತ್ತಾರೆಂದು ಸುಮ್ಮನಿದ್ದವರು. ಆದರೆ ಒಗೆಯುವಾಗ ಗಿರಾಕಿ ನೋಡುತ್ತಾಳೆ. ಅದಕ್ಕೂ ಮೊದಲೇ ಅಲ್ಲಾಹನು ನೋಡಿರುತ್ತಾನೆ.

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ಕತ್ತರಿ ತೆಗೆದು ನೇತಾಡುವ ನೂಲುಗಳನ್ನು ಒಂದೊಂದಾಗಿ ಕತ್ತರಿಸತೊಡಗಿದರು.