ಹಿತ್ತಲಿನ ಪಾತರಗಿತ್ತಿ ಮತ್ತು ಮನೆಯ ಕ್ಯಾಮೆರಾ

ಛಾಯಾಚಿತ್ರವೆಂದೊಡನೆ ನಮ್ಮ ಕುಟುಂಬಗಳಲ್ಲಿ ನೆನಪಾಗುವುದು ಮದುವೆಯ ಹಂದರ, ಮಗುವಿನ ತೊಟ್ಟಿಲು, ಜಾತ್ರೆಯ ತೇರು. ವನ್ಯಜೀವಿಗಳ ಚಿತ್ರವೆಂದರೆ ಬಂಡೀಪುರ, ನಾಗರಹೊಳೆಗಳ ಆನೆ ಹುಲಿಗಳೇ ಆಗಬೇಕು, ಅದಕ್ಕೆ ಮೊಳದುದ್ದದ ಲೆನ್ಸು, ಜೀಪು, ಅರಣ್ಯ ಇಲಾಖೆಯ ಅಪ್ಪಣೆ ಎಲ್ಲವೂ ಬೇಕು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಜಹೀರಾಬಾದಿನ ಕೆಮ್ಮಣ್ಣಿನಲ್ಲಾಗಲಿ, ನಾರಾಯಣಖೇಡದ ಎರೆಭೂಮಿಯಲ್ಲಾಗಲಿ, ತಾಂಡೂರಿನ ಕಲ್ಲುಹಾಸಿನ ಅಂಗಳದ ಅಂಚಿನಲ್ಲಾಗಲಿ, ಒಂದು ಕರಿಬೇವು, ಒಂದು ನಿಂಬೆ, ಬೇಲಿಯಲ್ಲೊಂದು ಎಕ್ಕದ ಗಿಡ ಇರುವ ಮನೆಯವರು ವನ್ಯಜೀವಿಗಳನ್ನು ಅರಸಿಕೊಂಡು ದೂರ ಹೋಗಬೇಕಾದ ಅಗತ್ಯವೇ ಇಲ್ಲ. ಅವು ತಾವಾಗಿಯೇ ಹಿತ್ತಲಿಗೆ ಬರುತ್ತವೆ. ಇಂದು ಮನೆಮನೆಯಲ್ಲಿರುವ ಮೊಬೈಲ್ ಫೋನಿನ ಕ್ಯಾಮೆರಾ ಅವುಗಳ ಚಿತ್ರಕ್ಕೆ ಸಾಕಾಗುತ್ತದೆ. ಈ ತಿಂಗಳು ಅದೇ ವಿಷಯವಾಗಿ ವಾಚಕ ಬಂಧುಗಳೊಡನೆ ನಾಲ್ಕು ಮಾತು.

ಹೂವಿದ್ದರೆ ಪಾತರಗಿತ್ತಿ ಬರುತ್ತದೆಂದು ನಾವು ತಿಳಿದಿದ್ದೇವೆ. ಹೂವಿಗೆ ಅದು ಬರುವುದು ಮಕರಂದಕ್ಕಾಗಿ, ಅತಿಥಿಯ ಹಾಗೆ. ಸಂಸಾರ ಹೂಡುವುದಕ್ಕೆ ಅದಕ್ಕೆ ಎಲೆ ಬೇಕು. ಅದೂ ಯಾವುದೋ ಒಂದು ಎಲೆಯಲ್ಲ, ತನ್ನ ಕುಲಕ್ಕೆ ಗೊತ್ತಾದ ಎಲೆಯೇ ಆಗಬೇಕು. ಕಪ್ಪು ರೆಕ್ಕೆಯ ಮೇಲೆ ಹಳದಿಯ ಚುಕ್ಕೆಗಳನ್ನು ಚೆಲ್ಲಿಕೊಂಡಿರುವ ನಿಂಬೆಯ ಪಾತರಗಿತ್ತಿ ನಿಂಬೆ, ಕರಿಬೇವುಗಳ ಎಳೆಯ ಚಿಗುರನ್ನು ಹುಡುಕಿ ಒಂದೊಂದೇ ಮೊಟ್ಟೆಯಿಡುತ್ತದೆ. ಸಾಸಿವೆಗಿಂತ ತುಸು ಚಿಕ್ಕದಾದ, ನಸುಹಳದಿಯ ದುಂಡು ಮೊಟ್ಟೆ. ಅದರಿಂದ ಹೊರಬಂದ ಮರಿಹುಳು ನೋಡುವುದಕ್ಕೆ ಥೇಟು ಹಕ್ಕಿಯ ಹಿಕ್ಕೆ. ಹಸಿದ ಹಕ್ಕಿಯೂ ಅದನ್ನು ತಿರಸ್ಕರಿಸಿ ಮುಂದೆ ಹೋಗುತ್ತದೆ. ಬಲಿತ ಮೇಲೆ ಅದೇ ಹುಳು ಎಲೆಯ ಹಸಿರನ್ನು ಉಟ್ಟುಕೊಳ್ಳುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಚಾಚಿ ಘಾಟುವಾಸನೆ ಬೀರುತ್ತದೆ. ಕೊನೆಗೆ ಕಡ್ಡಿಗೆ ರೇಶಿಮೆಯ ಎಳೆಯೊಂದನ್ನು ನಡುಪಟ್ಟಿಯಂತೆ ಬಿಗಿದುಕೊಂಡು ಕೋಶವಾಗಿ ನಿಲ್ಲುತ್ತದೆ. ಮೊಟ್ಟೆಯಿಂದ ರೆಕ್ಕೆಯವರೆಗಿನ ಈ ಪಯಣ ಸುಮಾರು ಒಂದು ತಿಂಗಳಿನದು. ಒಗ್ಗರಣೆಗೆ ಕರಿಬೇವು ಕೀಳುವ ಕೈಗೆ ಮೊಳದೂರದಲ್ಲಿ ನಡೆಯುವ ಈ ಬದುಕನ್ನು ವಾರಕ್ಕೆ ಎರಡು ಚಿತ್ರದಂತೆ ಹಿಡಿದಿಟ್ಟರೆ, ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಎಕ್ಕದ ಗಿಡವನ್ನು ನಮ್ಮಲ್ಲಿ ಶನಿವಾರ ಮಾರುತಿಯ ಹಾರಕ್ಕೆಂದು ಉಳಿಸಿಕೊಂಡಿರುತ್ತಾರೆ. ಅದರ ಹಾಲು ವಿಷಪೂರಿತವಾದದ್ದು. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚು, ಬಿಳಿಯ ಚುಕ್ಕೆಗಳುಳ್ಳ ಪಾತರಗಿತ್ತಿಯೊಂದು ತನ್ನ ಮರಿಗಳನ್ನು ಆ ವಿಷದ ಎಲೆಯ ಮೇಲೆಯೇ ಸಾಕುತ್ತದೆ. ವಿಷ ಮೈಗೂಡಿದ ಆ ಜೀವಿಯನ್ನು ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಇದನ್ನು ಬಲ್ಲ ಬೇರೊಂದು ಜಾತಿಯ ಹೆಣ್ಣು, ವಿಷವಿಲ್ಲದಿದ್ದರೂ ಅದೇ ವೇಷ ತೊಟ್ಟು ಸುಳಿದಾಡುತ್ತದೆ. ಅದರ ಗಂಡಾದರೋ ಕಪ್ಪು ರೆಕ್ಕೆಯಲ್ಲಿ ದೊಡ್ಡ ಬಿಳಿಯ ಬೊಟ್ಟುಗಳುಳ್ಳದ್ದು. ಈ ವೇಷಧಾರಿಯ ಮರಿಗಳು ಬೆಳೆಯುವುದು ನಾವು ಪಲ್ಯ ಮಾಡುವ ಗೋಣಿಸೊಪ್ಪಿನ ಮೇಲೆ. ಹಾರುವಾಗ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಚಿತ್ರ ತೆಗೆದು ಕೂತು ನೋಡಿದಾಗ ವೇಷ ಬಯಲಾಗುತ್ತದೆ. ಛಾಯಾಚಿತ್ರದ ಪ್ರಯೋಜನ ಇಲ್ಲಿದೆ: ಓಡುವ ಕಣ್ಣನ್ನು ಅದು ನಿಲ್ಲಿಸುತ್ತದೆ.

ಇನ್ನು ಚಿತ್ರ ತೆಗೆಯುವ ಬಗೆ. ಪಾತರಗಿತ್ತಿಗೆ ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿ ಕಡಿಮೆ. ಬಿಸಿಲು ಕಾಯಿಸಿಕೊಂಡ ಮೇಲೆಯೇ ಅದು ಹಾರಬೇಕು. ಆದುದರಿಂದ ಮುಂಜಾನೆ ಎಳೆಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ಕುಳಿತಿರುವ ಹೊತ್ತೇ ನಮಗೆ ಪ್ರಶಸ್ತವಾದ ಕಾಲ. ನಮ್ಮ ನೆರಳು ಅದರ ಮೇಲೆ ಬಿದ್ದರೆ ಹಾರಿಹೋಗುತ್ತದೆ. ಸೂರ್ಯ ಎಲ್ಲಿದ್ದಾನೆಂದು ನೋಡಿಕೊಂಡು ಹೆಜ್ಜೆಯಿಡಬೇಕು. ದೂರದಿಂದ ಜೂಮು ಎಳೆದರೆ ಚಿತ್ರ ಮಸುಕಾಗುವುದು. ಸಾವಕಾಶವಾಗಿ ಹತ್ತಿರ ಸರಿಯುವುದೇ ಲೇಸು. ಹತ್ತಿರದ ಚಿತ್ರದಲ್ಲಿ ಸ್ಪಷ್ಟತೆಯ ಆಳ ಬಲು ಕಿರಿದು. ಮುಚ್ಚಿದ ರೆಕ್ಕೆಯಿದ್ದರೆ ಕ್ಯಾಮೆರಾ ರೆಕ್ಕೆಗೆ ಸಮಾಂತರವಾಗಿರಲಿ. ಎದುರಿನಿಂದ ತೆಗೆಯುವುದಾದರೆ ಕಣ್ಣು ಸ್ಪಷ್ಟವಾಗಿದ್ದರೆ ಸಾಕು. ನಮ್ಮ ಸೀಮೆಯಲ್ಲಿ ಮಳೆಗಾಲದ ಕೊನೆಯಿಂದ ದೀಪಾವಳಿಯವರೆಗೆ ಪಾತರಗಿತ್ತಿಗಳ ಸುಗ್ಗಿ.

ಎಲ್ಲಕ್ಕಿಂತ ಮುಖ್ಯವಾದ ಪಾಠ ನಮ್ಮ ನೆರೆಯಲ್ಲಿಯೇ ಇದೆ. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರನ್ನು ಕೇಳದವರು ವಿರಳ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನ ಕಡೆಯವರು, ದೂರದರ್ಶನದಲ್ಲಿ ಕೆಲಸ ಮಾಡಿದ್ದವರು, 2023ರಲ್ಲಿ ತೀರಿಕೊಂಡರು. 1990ರ ದಶಕದ ಕೊನೆಯಲ್ಲಿ ಅಲ್ಲಿಯ ಸಂಘಗಳ ಬಡ ರೈತ ಮಹಿಳೆಯರು, ಬಹುಪಾಲು ದಲಿತರು, ವಿಡಿಯೋ ಕ್ಯಾಮೆರಾ ಹಿಡಿಯಲು ಕಲಿತು ತಮ್ಮ ಹೊಲ, ಬೀಜ, ಬೆಳೆಗಳನ್ನು ತಾವೇ ಚಿತ್ರಿಸತೊಡಗಿದರು. ಇಂಗ್ಲಿಷಿನ ಪಾರಿಭಾಷಿಕ ಪದಗಳು ಅವರಿಗೆ ಬೇಕಾಗಲಿಲ್ಲ. ಮೇಲಿನಿಂದ ನೋಡುವ, ಕೆಳಗಿನಿಂದ ನೋಡುವ ನೋಟಗಳಿಗೆ ಊರ ಪಟೇಲ ಮತ್ತು ಅವನ ಆಳುಗಳ ಸಂಬಂಧದಿಂದ ಹೆಸರಿಟ್ಟರು. ಕಣ್ಣಿಗೆ ಕಣ್ಣು ಸಮನಾಗಿರುವ ನೋಟಕ್ಕೆ ‘ಸಂಘಂ ಶಾಟ್’ ಎಂದರು. ಸಂಘದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಸುತ್ತಲೂ ಕೂತು ಮಾತನಾಡುತ್ತಾರಲ್ಲವೆ, ಹಾಗೆ. ಹಿತ್ತಲಿನ ಛಾಯಾಗ್ರಾಹಕನಿಗೆ ಇದಕ್ಕಿಂತ ಉತ್ತಮವಾದ ಸೂತ್ರ ದೊರೆಯದು. ನಿಂತಲ್ಲಿಂದಲೇ ಬಗ್ಗಿ ತೆಗೆದ ಚಿತ್ರದಲ್ಲಿ ಓತಿಕ್ಯಾತ ಒಂದು ಹುಳದಂತೆ ಕಾಣುತ್ತದೆ. ಮಣ್ಣಿನ ಮೇಲೆ ಕೂತು, ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಅದು ತನ್ನ ರಾಜ್ಯವನ್ನು ಕಾಯುವ ದೊರೆಯಂತೆ ತೋರುತ್ತದೆ.

ತಾಳ್ಮೆಗೆ ನಿದರ್ಶನ ಬೇಕಾದರೆ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯಬೇಕು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಅವರು ಸುತ್ತಲಿನ ಹಕ್ಕಿಗಳನ್ನು ಕಾದು ಕೂತು ಚಿತ್ರಿಸಿದರು. ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಪುಸ್ತಕದ ಮೂಲಕ ಅವುಗಳ ಪರಿಚಯವನ್ನು ಸಾಮಾನ್ಯ ಓದುಗನ ಮನೆಗೆ ತಂದರು. ಅವರದು ಮಲೆನಾಡು, ನಮ್ಮದು ಬಯಲುಸೀಮೆ. ಆದರೆ ಸೂರಕ್ಕಿ, ಪಿಕಳಾರ, ಎಲೆಗಳನ್ನು ಹೊಲಿದು ಗೂಡು ಕಟ್ಟುವ ದರ್ಜಿಹಕ್ಕಿ ಇವು ನಮ್ಮ ದಾಸವಾಳ, ಪೇರಲ ಗಿಡಗಳಿಗೂ ತಪ್ಪದೆ ಬರುತ್ತವೆ.

ಮಾಡಬಾರದ ಕೆಲಸಗಳನ್ನೂ ಹೇಳಬೇಕು. ಗೂಡಿನ ಚಿತ್ರಕ್ಕಾಗಿ ಸುತ್ತಲಿನ ಎಲೆಕೊಂಬೆಗಳನ್ನು ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗೂ ಬಲಿಯಾಗುತ್ತವೆ. ಈ ಕಾರಣದಿಂದಲೇ ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ಅಲುಗಾಡದಿರಲೆಂದು ಪಾತರಗಿತ್ತಿಯನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರೂ ಇದ್ದಾರೆ; ಅದು ಛಾಯಾಗ್ರಹಣವೆನಿಸದು, ಹಿಂಸೆಯೆನಿಸುತ್ತದೆ. ದಸರೆಯ ದಿನ ನೀಲಕಂಠನ ದರ್ಶನ ಶುಭವೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ತೆಲುಗಿನವರು ‘ಪಾಲಪಿಟ್ಟ’ವೆನ್ನುವ ಆ ಹಕ್ಕಿಯೇ ಕರ್ನಾಟಕದ ರಾಜ್ಯಪಕ್ಷಿ, ತೆಲಂಗಾಣದ ರಾಜ್ಯಪಕ್ಷಿಯೂ ಅದೇ. ಆ ದಿನ ಹಿಡಿದು ಪಂಜರದಲ್ಲಿ ತಂದು ತೋರಿಸಿ ದುಡ್ಡು ಕೇಳುವವರಿಗೆ ಕಾಸು ಕೊಡುವುದೆಂದರೆ ಮುಂದಿನ ವರ್ಷದ ಬೇಟೆಗೆ ಮುಂಗಡ ಕೊಟ್ಟ ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ ಕೂಡ. ತಂತಿಯ ಮೇಲೆ ಸ್ವೇಚ್ಛೆಯಿಂದ ಕುಳಿತ ನೀಲಕಂಠನ ಒಂದು ಚಿತ್ರ, ಮಸುಕಾಗಿದ್ದರೂ, ಅದಕ್ಕಿಂತ ಶುಭಕರ.

ಇನ್ನು ಕಠಿಣವಾದ ಪ್ರಶ್ನೆ. ಪಾತರಗಿತ್ತಿ ಬೇಕೆನ್ನುವವನು ಅದರ ಹುಳು ತಿಂದ ಎಲೆಯನ್ನೂ ಸಹಿಸಬೇಕು. ಕರಿಬೇವಿನಲ್ಲಿ ನಾಲ್ಕು ತೂತು ಕಂಡೊಡನೆ ಔಷಧ ಹೊಡೆಯುವ ಮನೆಯಲ್ಲಿ ಕ್ಯಾಮೆರಾಕ್ಕೆ ಕೆಲಸವಿಲ್ಲ. ಆ ಎಲೆ ನಮ್ಮ ಸಾರಿಗೇ ಬೀಳುವುದೆಂಬುದನ್ನೂ ಮರೆಯಬಾರದು. ಆದರೆ ಹೊಲದ ಮಾತು ಹಿತ್ತಲಿನಷ್ಟು ಸುಲಭವಲ್ಲ. ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿಯ ಹೂವು-ಕಾಯಿಗಳನ್ನು ತಿನ್ನುವ ಹುಳುಗಳಲ್ಲಿ ಪುಟ್ಟ ನೀಲಿ ಪಾತರಗಿತ್ತಿಯೊಂದರ ಮರಿಯೂ ಸೇರಿದೆ. ಕಾಯಿಕೊರಕವಂತೂ ಒಕ್ಕಲಿಗನ ವರ್ಷದ ಅನ್ನವನ್ನೇ ಕಸಿಯಬಲ್ಲ ಪತಂಗದ ಸಂತಾನ. ಸಾಲ ತಂದು ಬಿತ್ತಿದವನಿಗೆ ಹುಳುವಿನ ಸೌಂದರ್ಯವನ್ನು ಬೋಧಿಸುವ ಅಧಿಕಾರ ಪಟ್ಟಣದ ಮನೆಯಲ್ಲಿ ಕುಳಿತವರಿಗಿಲ್ಲ. ಅವನಿಗೂ ಉಪಯೋಗವಾಗುವ ಒಂದು ಕೆಲಸ ಕ್ಯಾಮೆರಾದಿಂದ ಆದೀತು: ಯಾವ ಹುಳು ಬೆಳೆಯನ್ನು ತಿನ್ನುತ್ತದೆ, ಯಾವುದು ಆ ಹುಳುವನ್ನೇ ತಿನ್ನುತ್ತದೆ ಎಂಬುದನ್ನು ಚಿತ್ರದಲ್ಲಿ ಗುರುತಿಸಿದರೆ, ಎಲ್ಲಕ್ಕೂ ಒಂದೇ ವಿಷ ಎರಚುವುದು ತುಸುವಾದರೂ ತಗ್ಗೀತು. ಕಲಬುರಗಿಯ ಕಡೆ ತೊಗರಿ ಗಿಡಗಳನ್ನು ಅಲುಗಾಡಿಸಿ ಹುಳುಗಳನ್ನು ಉದುರಿಸಿ ಆರಿಸುವ ರೂಢಿ ಇದ್ದುದನ್ನು ಹಿರಿಯ ರೈತರು ಬಲ್ಲರು.

ಕೊನೆಯದಾಗಿ ಹೆಸರುಗಳ ವಿಚಾರ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಗಡಿಗೆರೆ ಸರಿದರೂ ಪಾತರಗಿತ್ತಿ ಹಾರುವ ದಾರಿ ಸರಿಯಲಿಲ್ಲ. ಆದರೆ ಮಕ್ಕಳ ನಾಲಗೆಯ ಮೇಲೆ ಅದರ ಹೆಸರು ಸರಿಯುತ್ತ ಬಂದಿದೆ. ಶಾಲೆಯಲ್ಲಿ ಅದು ಸೀತಾಕೋಕಚಿಲುಕ, ಬಜಾರಿನಲ್ಲಿ ತಿತ್ಲಿ, ಪಠ್ಯದಲ್ಲಿ ಬಟರ್‌ಫ್ಲೈ. ಈ ಹೆಸರುಗಳೂ ಸುಂದರವಾದವೇ. ನಾಲ್ಕು ನುಡಿ ಬಲ್ಲ ಮಗು ಭಾಗ್ಯವಂತ. ಅವುಗಳ ಸಾಲಿನಲ್ಲಿ ಅಜ್ಜಿಯ ‘ಪಾತರಗಿತ್ತಿ’ಗೂ ಒಂದು ಸ್ಥಾನವಿರಲಿ ಎಂಬುದಷ್ಟೇ ನಮ್ಮ ಬಯಕೆ. ಹಿರಿಯರು ಗಿಡದ ಹೆಸರು, ಹಕ್ಕಿಯ ಹೆಸರು ಹೇಳಲಿ. ಮಕ್ಕಳು ಚಿತ್ರ ತೆಗೆಯಲಿ. ಒಂದು ನೋಟುಬುಕ್ಕಿನಲ್ಲಿ ತಾರೀಖು, ಗಿಡ, ಊರು, ಮನೆಮಾತಿನ ಹೆಸರು ಇವನ್ನು ಕನ್ನಡದಲ್ಲಿ ಬರೆದಿಡಲಿ. ಹೆಸರು ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ಊರಿಗೆ ಹೋದಾಗ ಅಜ್ಜ-ಅಜ್ಜಿಯರನ್ನು ಕೇಳಿ ತುಂಬಿಸಲಿ. ಸೊಪ್ಪು, ಹುಳು, ಹಕ್ಕಿಗಳ ಹೆಸರು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳುವ ಕೆಲಸವನ್ನು ಮುಂದಿನ ರಜೆಗೆಂದು ತಳ್ಳದಿರುವುದು ಕ್ಷೇಮ.