ಅಂಚೆಯಲ್ಲಿ ಮಗ್ಗ ಬರಲ್ಲ



ನಮ್ಮಕ್ಕ ದಿನಾ ಕತ್ತಲಿದ್ದಂಗೇ ಎದ್ದು, ಬುತ್ತಿ ಕಟ್ಟಿಕೊಂಡು, ಕೊಪ್ಪದ ರಸ್ತೆಗೆ ಬಂದು ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಹೊರಟ ಲಾರಿ, ಗಾಡಿಗಳ ಸಂದಿಯಲ್ಲೇ ಆ ವ್ಯಾನು ನುಸುಳಬೇಕು. ಆರು ವರ್ಷದಿಂದ ಅವಳು ಹೊಲಿಯುತ್ತಿರುವುದು ಕಾಲರ್ ಮಾತ್ರ. ಒಂದು ಇಡೀ ಅಂಗಿಯನ್ನು ಅವಳು ಒಂದು ದಿನವೂ ಹೊಲಿದಿಲ್ಲ. ಆ ಅಂಗಿಯ ಬಣ್ಣ ಆರಿಸಿದವರು ಯಾರು, ಗೆರೆ ಎಳೆದವರು ಯಾರು, ಆ ಬಟ್ಟೆ ಯಾವ ನೇಯ್ಗೆ, ಯಾರೂ ಅವಳಿಗೆ ಹೇಳಿಲ್ಲ. ಒಂದು ಸಲ ಕೇಳಿದ್ದಕ್ಕೆ ಸೂಪರ್‌ವೈಸರ್ ಅಂದನಂತೆ: "ನಿಂಗ್ಯಾಕಮ್ಮ ಅದೆಲ್ಲ, ಟಾರ್ಗೆಟ್ ನೋಡ್ಕೊ."

ಹೋದ ವರ್ಷ ಅವಳಿಗೊಂದು ಆಸೆ ಹುಟ್ಟಿತು. "ಮನೇಲೇ ಕೂತ್ಕಂಡು ಬಟ್ಟೆ ಡಿಸೈನ್ ಕಲೀಬೌದಂತೆ ಕಣ್ಲಾ. ಪುಸ್ತಕ ಅಂಚೇಲಿ ಬತ್ತವಂತೆ" ಅಂದಳು. ಚೀಟಿ ದುಡ್ಡು ಎತ್ತಿ ಫೀಸು ಕಟ್ಟಿದಳು. ಪುಸ್ತಕ ಬಂದವು. ಬಿಚ್ಚಿ ನೋಡಿದರೆ ಎಲ್ಲಾ ಇಂಗ್ಲಿಷು. ಬಿ.ಎ. ಮಾಡಿದ ತಮ್ಮ ಇದ್ದಾನಲ್ಲ ಅಂತ ನನ್ನನ್ನು ಕೂರಿಸಿಕೊಂಡಳು. ನಾನು ಡಿಕ್ಷನರಿ ಹಿಡಿದು ಕೂತೆ. ವಾರ್ಪ್ ಅಂದರೆ ಹಾಸು. ವೆಫ್ಟ್ ಅಂದರೆ ಹೊಕ್ಕು.

ಅಲ್ಲಿಗೆ ನನ್ನ ಬಾಯಿ ಕಟ್ಟಿತು. "ಜಾತಿ ಈ ಸಮಾಜದಲ್ಲಿ ಹಾಸುಹೊಕ್ಕಾಗಿದೆ" ಅಂತ ನಾನು ಎಷ್ಟು ಸಭೆಗಳಲ್ಲಿ ಗಂಟಲು ಹರಿದುಕೊಂಡಿಲ್ಲ? ಕವಿ ಅಂತ ಬೇರೆ ತಿರುಗುತ್ತೇನೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು, ಹೊಕ್ಕು ಅಂದರೆ ಲಾಳಿ ಅಡ್ಡಕ್ಕೆ ಎಳೆದು ತರುವ ನೂಲು, ಇವೆರಡೂ ಕೂಡಿದರೇ ಬಟ್ಟೆ ಎಂಬುದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಬಾಯಲ್ಲಿ ಮಗ್ಗ ಇಟ್ಟುಕೊಂಡೇ ಮಗ್ಗ ಕಾಣದೆ ಬೆಳೆದವನು ನಾನು.

ಆಮೇಲೆ ಕಾಗದ ಬಂತು. ಪ್ರಾಕ್ಟಿಕಲ್ ಶಿಬಿರ ಬೆಂಗಳೂರಲ್ಲಿ, ಹತ್ತು ದಿನ, ಎಲ್ಲಾ ಕೆಲಸದ ದಿನಗಳೇ. ಸಾಮಾನು ನಿಮ್ಮದೇ, ಊಟ ವಸತಿ ನಿಮ್ಮದೇ. ಹತ್ತು ದಿನ ರಜಾ ಹಾಕಿದರೆ ಸಂಬಳವೂ ಹೋಯಿತು, ಕೆಲಸವೂ ಹೋಯಿತು. ಅಕ್ಕ ಪುಸ್ತಕಗಳನ್ನು ಅಟ್ಟದ ಮೇಲಿಟ್ಟಳು. ಅಂಚೆಯಲ್ಲಿ ಪುಸ್ತಕ ಬರುತ್ತವೆ, ಗೆಳೆಯರೇ. ಮಗ್ಗ ಬರಲ್ಲ.

ಇದನ್ನು ಹಾಸ್ಟೆಲ್‌ನಲ್ಲಿ ಹೇಳಿದರೆ ಹುಡುಗರು ನಕ್ಕರು. "ಬಟ್ಟೆ ಡಿಸೈನ್ ಅಂದ್ರೆ ಸಿನಿಮಾದೋರ ಶೋಕಿ ಕಣಣ್ಣ, ನಮ್ಗೆ ಎಫ್‌ಡಿಎ, ಪಿಎಸ್‌ಐ ಸಾಕು." ಹಿರಿಯ ಸಂಗಾತಿಯೊಬ್ಬರು ನಗಲಿಲ್ಲ, ಸಿಟ್ಟಾದರು. "ಬಾಬಾಸಾಹೇಬರು ಕುಲಕಸುಬು ಬಿಡಿ, ಓದಿ ಅಂದ್ರು. ನೀನು ವಾಪಸ್ಸು ಮಗ್ಗದ ಗುಂಡಿಗೆ ಇಳಿಸ್ತೀಯೇನಯ್ಯ?"

ಹುಡುಗರ ನಗುವಿಗೆ ಉತ್ತರ ಬೇಡ. ಹಿರಿಯರ ಸಿಟ್ಟಿಗೆ ಉತ್ತರ ಕೊಡಲೇಬೇಕು.

ಬಟ್ಟೆ ನಮಗೆ ಶೋಕಿಯಾಗಿ ಯಾವತ್ತೂ ಇರಲಿಲ್ಲ. ಯಾರು ಯಾವ ಬಟ್ಟೆ ಉಡಬೇಕು, ಎಲ್ಲಿಯವರೆಗೆ ಉಡಬೇಕು ಎಂಬುದನ್ನು ಜಾತಿಯೇ ಅಳೆದು ಕತ್ತರಿಸಿತ್ತು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ಆ ದಿನಗಳಲ್ಲೇ ಬಾಬಾಸಾಹೇಬರು ನಮ್ಮ ಹೆಂಗಸರನ್ನು ಕೂರಿಸಿಕೊಂಡು ಸೀರೆಯ ಮಾತಾಡಿದರು. ನಿಮ್ಮನ್ನು ಅಸ್ಪೃಶ್ಯರೆಂದು ಗುರುತು ಹಿಡಿಯುವಂತೆ ಮೊಣಕಾಲ ಮೇಲೆ ಸೀರೆ ಉಡಬೇಡಿ, ಮೇಲ್ಜಾತಿ ಹೆಂಗಸರು ಉಡುವಂತೆಯೇ ಉಡಿ ಎಂದರು. ಬಟ್ಟೆಯ ಮೇಲೆ ಬರೆದ ಜಾತಿಯನ್ನು ಅವರು ಓದಿದ್ದರು.

ಇನ್ನೊಂದು ಸಂಗತಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ಕಂಪನಿಯ ವೈದ್ಯ ಬೆಂಗಳೂರಿನ ಕಡೆಯಿಂದ ಇದೇ ಮದ್ದೂರಿನ ಮೇಲೆ ಹಾದು ಶ್ರೀರಂಗಪಟ್ಟಣಕ್ಕೆ ಹೋದ. ಬೆಂಗಳೂರು ಸೀಮೆಯ ನೇಕಾರರ ವಿಷಯ ಬರೆಯುವಾಗ ದೇವಾಂಗ, ತೊಗಟರ ಜೊತೆ ದಪ್ಪ ಹತ್ತಿಬಟ್ಟೆ ನೇಯುವ ಹೊಲೆಯರ ಹೆಸರನ್ನೂ ಬರೆದಿಟ್ಟ. ಮಿಲ್ಲು ಬಟ್ಟೆ ಬಂತು, ಆ ದಪ್ಪ ಬಟ್ಟೆಗೆ ಗಿರಾಕಿ ಇಲ್ಲವಾಯಿತು. ಕೈಯಲ್ಲಿದ್ದ ವಿದ್ಯೆ ಹೋಯಿತು, ಕೂಲಿ ಉಳಿಯಿತು. ಈಗ ಮದ್ದೂರು, ಮಳವಳ್ಳಿ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ನಮ್ಮವರು ಬೇಕು. ಹಣ್ಣುಳವನ್ನು ಚಂದ್ರಂಕಿಗೆ ಬಿಡಲು ನಮ್ಮವರು ಬೇಕು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ, ಬಿಸಿನೀರಿಗೆ ಬಿದ್ದು, ನೂಲಾಗಿ, ಸೀರೆಯಾಗಿ, ಶೋರೂಮಿನ ಗಾಜಿನೊಳಗೆ ಕೂತ ಮೇಲೆ ನಮ್ಮವರಿಗೂ ಅದಕ್ಕೂ ಏನು ಸಂಬಂಧ?

ಅದಕ್ಕೇ ಹೇಳುತ್ತೇನೆ, ಹುಟ್ಟಿನಿಂದ ತಲೆಗೆ ಕಟ್ಟಿದ ಕಸುಬು ಬೇರೆ, ಓದಿ ಕಲಿತ ಕಸುಬು ಬೇರೆ. ಶ್ರೀಮಂತರ ಮಗಳು ಲಕ್ಷಗಟ್ಟಲೆ ಫೀಸು ಕಟ್ಟಿ ಅದೇ ಮಗ್ಗದ ಮುಂದೆ ಕೂತರೆ ಅದು ವಿದ್ಯೆ, ಅವಳು ಡಿಸೈನರ್. ನಮ್ಮಕ್ಕ ಕೂತರೆ ಕೂಲಿ. ಈ ಗೋಡೆ ಮಗ್ಗದಲ್ಲಿಲ್ಲ. ಕೈಗೂ ತಲೆಗೂ ನಡುವೆ ಕಟ್ಟಿದ ಗೋಡೆ ಇದು. ಬೆಂಗಳೂರಿನಲ್ಲಿ 1997ರಿಂದ ನಿಫ್ಟ್ ಇದೆ. ಮೀಸಲು ಸೀಟೂ ಇದೆ. ಆದರೆ ಪ್ರವೇಶ ಪರೀಕ್ಷೆ ಇಂಗ್ಲಿಷು ಇಲ್ಲವೇ ಹಿಂದಿ. ಕೊಪ್ಪದ ಸರ್ಕಾರಿ ಶಾಲೆ ಹುಡುಗಿ ಆ ಬಾಗಿಲು ತಟ್ಟುವುದು ಯಾವ ಭಾಷೆಯಲ್ಲಿ?

ನಮ್ಮ ಅವ್ವ ಹಳೇ ಸೀರೆ ಸೇರಿಸಿ ಹೊದಿಕೆ ಹೊಲಿಯುತ್ತಾಳೆ, ಉತ್ತರದವರು ಕೌದಿ ಅನ್ನುತ್ತಾರಲ್ಲ, ಅದು. ಕೆಂಪು ತುಂಡಿನ ಪಕ್ಕ ಯಾವುದು ಕೂರಬೇಕು ಅಂತ ಒಂದು ಗಳಿಗೆ ಸುಮ್ಮನೆ ನೋಡುತ್ತಾಳೆ. ಕರಿ ತುಂಡು ಇಡುತ್ತಾಳೆ, ತೆಗೆಯುತ್ತಾಳೆ, ಹಳದಿ ಇಡುತ್ತಾಳೆ. ಅಕ್ಕನ ಪುಸ್ತಕದಲ್ಲಿ ಬಣ್ಣದ ಪಾಠ ಹೇಳುವುದೂ ಇದನ್ನೇ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಕರಿಯರ ಹಳ್ಳಿ. ಗುಲಾಮರ ಮೊಮ್ಮಕ್ಕಳು ಅಲ್ಲಿ ಹರಿದ ಕೆಲಸದ ಬಟ್ಟೆ ಸೇರಿಸಿ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು. 1966ರಲ್ಲಿ, ನಾಗರಿಕ ಹಕ್ಕಿನ ಹೋರಾಟದ ಕಾಲದಲ್ಲಿ, ಆ ಕಡೆಯ ಹೆಂಗಸರು ಸೇರಿ ಸಹಕಾರ ಸಂಘ ಕಟ್ಟಿದರು. 2002ರಲ್ಲಿ ಆ ಹೊದಿಕೆಗಳು ಹ್ಯೂಸ್ಟನ್, ನ್ಯೂಯಾರ್ಕಿನ ಮ್ಯೂಸಿಯಂ ಗೋಡೆ ಏರಿದವು. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳೂ ಈಗ ದೂರದೂರದ ಪ್ರದರ್ಶನಗಳಿಗೆ ಹೋಗುತ್ತಿವೆ. ಅವ್ವನ ಕೈಯಲ್ಲಿ ವಿದ್ಯೆ ಇದೆ. ಅದಕ್ಕೆ ಹೆಸರಿಡುವ ಹಕ್ಕು ಅವಳಿಗಿಲ್ಲ, ಅಷ್ಟೆ.

ದೂರದಿಂದ ಕಲಿಯುವುದನ್ನು ನಾನು ಹೀಯಾಳಿಸುತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು, 1996ರಲ್ಲಿ ಅದರಿಂದಲೇ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಹಗಲು ಕೂಲಿ ಮಾಡಿ ರಾತ್ರಿ ಓದಿ ಡಿಗ್ರಿ ಪಡೆದ ನಮ್ಮವರು ಪ್ರತಿ ಕೇರಿಯಲ್ಲೂ ಇದ್ದಾರೆ. ಆದರೆ 2013-14ರಿಂದ 2018ರವರೆಗೆ ಅದೇ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ ಎಂಬುದನ್ನೂ ಮರೆಯಬೇಡಿ. ಮೇಲಿನವರ ಜಗಳದಲ್ಲಿ ಅತಂತ್ರವಾದದ್ದು ದುಡಿದು ಓದುತ್ತಿದ್ದ ಮಕ್ಕಳು. ಯಾವ ದೂರಶಿಕ್ಷಣಕ್ಕೂ ಫೀಸು ಕಟ್ಟುವ ಮುಂಚೆ ಮಾನ್ಯತೆ ಇದೆಯೇ ಕೇಳಿ, ಬರಹದಲ್ಲಿ ಕೇಳಿ.

ಈ ದೇಶದ ಮೊದಲ ದೂರಶಿಕ್ಷಣದ ವಿದ್ಯಾರ್ಥಿ ಏಕಲವ್ಯ. ಮಣ್ಣಿನ ಗೊಂಬೆ ಮುಂದೆ ನಿಂತು ಕಲಿತ. ಗುರು ಒಂದು ದಿನವೂ ಪಾಠ ಹೇಳಲಿಲ್ಲ, ಹೆಬ್ಬೆರಳು ಕೇಳಲು ಮಾತ್ರ ಬಂದ. ಬಂಗಾಳದ ರೇಷ್ಮೆ ನೂಲು ಬಿಚ್ಚುವವರು ಕಂಪನಿಯ ಬಲವಂತ ತಾಳಲಾರದೆ ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡರೆಂದು ಕಂಪನಿಯಲ್ಲೇ ನೌಕರಿ ಮಾಡಿದ್ದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಬರೆದ. ವಿದ್ಯೆ ಕಲಿತರೂ ಹೆಬ್ಬೆರಳು, ದುಡಿದರೂ ಹೆಬ್ಬೆರಳು. ಇನ್ನು ಕೊಡಲು ನಮ್ಮಲ್ಲಿ ಬೆರಳಿಲ್ಲ.

ಹಾಗಾದರೆ ಏನು ಕೇಳಬೇಕು?

ಒಂದು, ಪಾಠ ಕನ್ನಡದಲ್ಲಿ ಬರಲಿ. 2017ರಲ್ಲಿ ಶುರುವಾದ ಸ್ವಯಂ ಎಂಬ ಕೇಂದ್ರ ಸರ್ಕಾರದ ತಾಣದಲ್ಲಿ ಮೊಬೈಲಲ್ಲೇ ಪುಕ್ಕಟೆ ಪಾಠ ಸಿಗುತ್ತವೆ. ಐಐಟಿ ಮೇಷ್ಟ್ರುಗಳು ಜವಳಿ ವಿಷಯ ಹೇಳುವುದು ಮಾತ್ರ ಇಂಗ್ಲಿಷಿನಲ್ಲಿ. ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ಮಾತುಗಳು ನಮ್ಮಲ್ಲಿರುವಾಗ ಕನ್ನಡದಲ್ಲಿ ಹೇಳಲಾಗದು ಅನ್ನುವುದು ಸುಳ್ಳು. ಎರಡು, ಪ್ರಾಕ್ಟಿಕಲ್ ಕೇಂದ್ರ ತಾಲೂಕಿಗೊಂದು ಬೇಕು, ಅದೂ ಭಾನುವಾರ. ಶ್ರೀರಂಗಪಟ್ಟಣ ತಾಲೂಕಿನ ಕೊಡಿಯಾಲದಲ್ಲಿ ರೇಷ್ಮೆ ಸೀರೆ ನೇಯುವ ಕೈಗಳಿವೆ. ಅವರನ್ನು ಮೇಷ್ಟ್ರು ಅಂತ ಕರೆದು ಸಂಬಳ ಕೊಡಿ. ಮೂರು, ಇದರ ಖರ್ಚು ಭಿಕ್ಷೆಯಲ್ಲ. 2013ರ ಪರಿಶಿಷ್ಟ ಜಾತಿ ಉಪಯೋಜನೆ ಕಾಯ್ದೆಯ ಹಣ ನಮ್ಮ ಹಣ. ರಸ್ತೆಗೆ, ಕಾಂಪೌಂಡಿಗೆ ಸುರಿಯುವ ಬದಲು ನಾಲ್ಕು ಮಗ್ಗ ಕೊಳ್ಳಲಿ.

ಕೇಳುತ್ತಲೇ ಕೂರುವುದು ಬೇಡ. ಇವತ್ತು ರಾತ್ರಿ ಹಾಸ್ಟೆಲ್ ರೂಮಲ್ಲೇ ಶುರು ಮಾಡಿ. ನೀವು ಹಾಕಿರುವ ಜೀನ್ಸ್ ಮಡಿಸಿ ನೋಡಿ. ಹೊರಗೆ ನೀಲಿ, ಒಳಗೆ ಬಿಳಿ ಯಾಕೆ? ಹಾಸು ನೀಲಿ, ಹೊಕ್ಕು ಬಿಳಿ. ಹೊಕ್ಕು ಒಂದೊಂದು ಸಾಲಿಗೂ ಒಂದೆಳೆ ಪಕ್ಕಕ್ಕೆ ಸರಿಯುವುದರಿಂದ ಆ ಓರೆ ಗೆರೆ. ಪಂಚೆ ನೋಡಿ, ಒಂದೆಳೆ ಮೇಲೆ, ಒಂದೆಳೆ ಕೆಳಗೆ, ಅದು ಸಾದಾ ನೇಯ್ಗೆ. ಗ್ರಾಫ್ ಹಾಳೆಯಲ್ಲಿ ಎರಡನ್ನೂ ಮನೆಮನೆ ತುಂಬಿ ಬರೆಯಿರಿ. ಬಟ್ಟೆಯಿಂದ ಒಂದೊಂದು ಎಳೆ ಕಿತ್ತು ಹುಷಾರಾಗಿ ಸುಡಿ. ಹತ್ತಿ ಕಾಗದದ ವಾಸನೆ ಹೊಡೆದು ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟನ್ನು ದೂರದಿಂದಲೇ ಕಲಿಯಬಹುದು. ಹಾಸಿನ ಬಿಗಿ ಎಷ್ಟಿರಬೇಕು, ಬಣ್ಣದ ಹಂಡೆಯಿಂದ ನೂಲನ್ನು ಯಾವಾಗ ಎತ್ತಬೇಕು, ಇದಕ್ಕೆ ಮಾತ್ರ ಕೈ ಪಕ್ಕದಲ್ಲಿ ಕೈ ಬೇಕು.

1973ರ ಬೂಸಾ ಗಲಾಟೆಯಲ್ಲಿ ಹಾಸ್ಟೆಲ್ ಹುಡುಗರು ಏಟು ತಿಂದರು. ಏಟು ತಿಂದ ಆ ಹುಡುಗರ ಕಾಲದಲ್ಲೇ ನಮ್ಮ ಕಾವ್ಯ ಎದ್ದು ನಿಂತಿತು. ಪದ ನಮ್ಮದಲ್ಲ ಅಂದವರಿಂದ ಪದ ಕಿತ್ತುಕೊಂಡೆವು. ಬಟ್ಟೆಯನ್ನೂ ಹಾಗೇ ವಾಪಸ್ಸು ತೆಗೆದುಕೊಳ್ಳಬೇಕು.

ಬರುವ ಭಾನುವಾರ ನಮ್ಮ ಕೇರಿಯ ಜಗಲಿಯಲ್ಲಿ ಹಳೇ ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆದು ಹಾಸು ಕಟ್ಟುತ್ತಿದ್ದೇವೆ. ಪುಸ್ತಕ ಅಟ್ಟದಿಂದ ಇಳಿದಿವೆ. ನಾನು ಕನ್ನಡ ಮಾಡಿ ಓದುವುದು, ಅಕ್ಕ ಮಾಡಿ ತೋರಿಸುವುದು, ಬಣ್ಣ ಆರಿಸುವುದು ಅವ್ವ. ಮೊಳೆ ಎಷ್ಟು ದೂರಕ್ಕೆ ಹೊಡೀಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದರೆ ಅಕ್ಕ, "ಲೆಕ್ಕ ಆಮ್ಯಾಕೆ, ಮೊದ್ಲು ಸುತ್ಗೆ ತಗಂಬಾ" ಅಂದಳು. ಬರುವವರು ಮನೆಯಿಂದ ಒಂದು ಹಳೇ ಪಂಚೆಯೋ ಸೀರೆಯೋ ತನ್ನಿ.

ಜೈ ಭೀಮ್.